ಪಡುವಣ ಕಿಟಕಿಯ ಪರದೆ ಸುಮ್ನೆ ಏರಿಳಿಯುತ್ತಿದೆ, ಆಮೇಲೆ ಮೋಟಾರೇ ನಿಲ್ಲುತ್ತದೆ

ದುರ್ಗದಮನೆ: ಚಿತ್ರದುರ್ಗದಲ್ಲಿ ನಮ್ಮ ಮನೆ. ಪಡುವಣ ಕಿಟಕಿಗೆ ಹೊರಗಡೆ ರೋಲರ್ ಪರದೆ ಹಾಕಿಸಿದ್ದೇವೆ. ಪರದೆ ಸುತ್ತುವ ಕೊಳವೆಯೊಳಗೇ ಕೂರುವ ಟ್ಯೂಬ್ಯುಲರ್ ಮೋಟಾರ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32 ಬೋರ್ಡ್, ಬಿಎಚ್1750 ಬೆಳಕಿನ ಸೆನ್ಸರ್. ಬೆಳಕು 25,000 ಲಕ್ಸ್ (ಬೆಳಕಿನ ಅಳತೆ) ದಾಟಿದರೆ ಪರದೆ ಇಳಿಯಬೇಕು, ಕಡಿಮೆಯಾದರೆ ಏರಬೇಕು. ಮಧ್ಯಾಹ್ನ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಪೂರ್ತಿ ನಿಲ್ಲುತ್ತದೆ. ಸಂಜೆ ನೋಡಿದರೆ ತಾನೇ ಸರಿಹೋಗಿರುತ್ತದೆ. ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ, ಕೆಟ್ಟಿದೆಯಾ? ಅಮ್ಮ ಮಲಗುವ ಕೋಣೆ ಅದು, ಸೆಕೆ ತಡೆಯಲಾಗುತ್ತಿಲ್ಲ.

ದಾವಣಗೆರೆ_ವೈರಿಂಗ್: ರಿಲೇ ಇರಲಿಕ್ಕಿಲ್ಲ. ಇಂಥ ಮೋಟಾರುಗಳು ಸಾಮಾನ್ಯವಾಗಿ ಒಂದೇ ಸಮನೆ 4 ನಿಮಿಷ ಓಡುವುದಕ್ಕಷ್ಟೇ. ಬಿಸಿಯಾದರೆ ಒಳಗಿನ ಥರ್ಮಲ್ ಸ್ವಿಚ್ ಕಟ್ ಮಾಡುತ್ತದೆ, ತಣ್ಣಗಾದರೆ ಬಿಡುತ್ತದೆ. ಮೋಡ ಇಲ್ಲದ ದಿನವೂ ಹೀಗೇನಾ? ಸೆನ್ಸರ್ ಎಲ್ಲಿದೆ?

ದುರ್ಗದಮನೆ: ಹೌದು ಸಾರ್, ಚುರುಗುಟ್ಟುವ ಬಿಸಿಲಲ್ಲೂ ಹೀಗೇ. ಸೆನ್ಸರ್ ಗಾಜಿನ ಒಳಗೆ, ಕಿಟಕಿ ಕಟ್ಟೆ ಮೇಲಿದೆ.

ದಾವಣಗೆರೆ_ವೈರಿಂಗ್: ಸಿಕ್ಕಿತು ನೋಡಿ! ಪರದೆ ಇಳಿದರೆ ಸೆನ್ಸರಿಗೇ ನೆರಳು. ಕತ್ತಲಾಯಿತು ಎಂದು ಬೋರ್ಡ್ ಪರದೆ ಎತ್ತುತ್ತದೆ, ಬೆಳಕು ಬಿದ್ದ ಕೂಡಲೇ ಇಳಿಸುತ್ತದೆ. ಇದಕ್ಕೆ ಕೊನೆಯೇ ಇಲ್ಲ. ಸೆನ್ಸರನ್ನು ಹೊರಗೋಡೆಗೆ, ಪಡುವಣಕ್ಕೆ ಮುಖಮಾಡಿ ಹಾಕಿ. ಮಳೆ ನೀರು ಹೋಗದ ಪಾರದರ್ಶಕ ಡಬ್ಬಿ ಬೇಕು.

ಆಮೇಲೆ ಮೋಡದ ಕಾಟ ಶುರುವಾಗುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಅಂಕಿ ಇಡಬೇಡಿ. 25,000ದ ಮೇಲೆ 5 ನಿಮಿಷ ನಿಂತರೆ ಇಳಿಯಲಿ, 12,000ಕ್ಕಿಂತ ಕೆಳಗೆ 20 ನಿಮಿಷ ಇದ್ದರೆ ಏರಲಿ. ಹಾಗೇ ಬೋರ್ಡ್ ಗಡಿಯಾರವನ್ನೂ ನೋಡಲಿ. ಪಡುವಣ ಕಿಟಕಿಗೆ ಮಧ್ಯಾಹ್ನದವರೆಗೆ ನೇರ ಬಿಸಿಲೇ ಇಲ್ಲ, ಅಲ್ವಾ? ಅಬುಧಾಬಿಯ ಅಲ್ ಬಹರ್ ಗೋಪುರಗಳ ಹೊರಗಿನ ನೆರಳಿನ ಜಾಲರಿಯೂ ಸೂರ್ಯನ ದಾರಿಯ ಲೆಕ್ಕ ಹಿಡಿದೇ ತೆರೆದು ಮುಚ್ಚುತ್ತದೆ. ನನಗೆ ಆ ಕ್ರಮ ಬಹಳ ಇಷ್ಟ. ಸೂರ್ಯ ಎಲ್ಲಿರುತ್ತಾನೆಂದು ಮೊದಲೇ ಗೊತ್ತಿರುವಾಗ ಎಲ್ಲವನ್ನೂ ಸೆನ್ಸರಿನ ಮೇಲೆ ಹಾಕಬಾರದು.

ದುರ್ಗದಮನೆ: ಹೊರಗೆ ಹಾಕಿದೆ ಸಾರ್, ಏರಿಳಿತ ನಿಂತಿತು! ಆದರೆ ಬಿಸಿಲು ಜಾಸ್ತಿಯಾದಾಗ ಸೆನ್ಸರ್ ತೋರಿಸುವ ಅಂಕಿ 54,612 ಲಕ್ಸ್‌ನಲ್ಲೇ ನಿಂತುಬಿಡುತ್ತದೆ.

ದಾವಣಗೆರೆ_ವೈರಿಂಗ್: ಮಾಮೂಲು ಸೆಟ್ಟಿಂಗಿನಲ್ಲಿ ಆ ಸೆನ್ಸರ್ ಅಳೆಯುವುದೇ ಅಷ್ಟು. ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಪರದೆ ಇಳಿಸುವ ನಿಮ್ಮ 25,000 ಸೆನ್ಸರಿನ ಮಿತಿಗಿಂತ ಬಹಳ ಕೆಳಗಿದೆ, ತೊಂದರೆಯಿಲ್ಲ.

ಗಾಳಿ ಸೆನ್ಸರ್ ಮಾತ್ರ ಆಷಾಢಕ್ಕೆ ಮುಂಚೆಯೇ ಹಾಕಿಸಿ. ನಿಮ್ಮೂರಿನ ಹತ್ತಿರದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮದು. ಪರದೆ ಕಂಪನಿಯವರು ಹೇಳಿದ ಮಿತಿ ದಾಟಿದರೆ ಕಾಯದೆ, ಬಿಸಿಲಿದ್ದರೂ ಪರದೆ ಮೇಲೇರಬೇಕು. ಗಾಳಿ ಅರ್ಧ ಗಂಟೆ ತಗ್ಗಿದ ಮೇಲೆ ಬಿಸಿಲಿನ ಲೆಕ್ಕ ಮತ್ತೆ ಶುರುವಾಗಲಿ.