ಚಾರ್ಜರಿನ 19 ವೋಲ್ಟ್ ವೈರ್ ಸೀಳಿದೆ, ಮೆಷಿನ್ ಪಾಸ್ ಅನ್ನುತ್ತಿದೆ. ಏನು ಮಾಡಲಿ?

ಲೆಸ್ಟರ್ ವಾಸಿ:
ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಕಾಲೇಜಿನ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಕೆಟಲ್, ಫ್ಯಾನ್, ಎಕ್ಸ್‌ಟೆನ್ಷನ್ ಬೋರ್ಡ್, ಎಲ್ಲದರ ಪ್ಯಾಟ್ ಟೆಸ್ಟಿಂಗ್ (ಪ್ಲಗ್ ಹಾಕಿ ಬಳಸುವ ಸಾಮಾನು ಸುರಕ್ಷಿತವೇ ಅಂತ ಮೆಷಿನ್ನಿನಲ್ಲಿ ನೋಡುವ ಪರೀಕ್ಷೆ) ಈಗ ನನ್ನ ತಲೆಗೇ ಬಂದಿದೆ.

ಒಬ್ಬ ಮೇಷ್ಟ್ರ ಲ್ಯಾಪ್‌ಟಾಪ್ ಚಾರ್ಜರ್ ಬಂತು. 65 ವ್ಯಾಟಿನದು, ಔಟ್‌ಪುಟ್ 19.5 ವೋಲ್ಟ್, 3.34 ಆಂಪಿಯರ್. ಚೌಕದೊಳಗೆ ಚೌಕದ ಗುರುತಿದೆ, ಅಂದರೆ ಕ್ಲಾಸ್ 2, ಅರ್ಥ್ ಇಲ್ಲ. 500 ವೋಲ್ಟಿನಲ್ಲಿ ಇನ್ಸುಲೇಷನ್ ನೋಡಿದೆ. ಬೇಕಾಗಿದ್ದು 2 ಮೆಗಾಓಮ್, ಬಂದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಮೆಷಿನ್ ಪಾಸ್ ಅಂದಿತು.

ಆದರೆ ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ ರಬ್ಬರ್ ಸೀಳಿ ತಾಮ್ರದ ಎಳೆ ಕಾಣುತ್ತಿದೆ. ಮೇಷ್ಟ್ರು "19 ವೋಲ್ಟಿಗೆ ಯಾರಪ್ಪಾ ಸಾಯ್ತಾರೆ, ಟೇಪ್ ಸುತ್ತಿ ಕೊಡು" ಅನ್ನುತ್ತಾರೆ. ಫೇಲ್ ಮಾಡಲು ನನಗೆ ಆಧಾರ ಇದೆಯಾ?

ಹಳೇ ಮೆಗ್ಗರ್, ಬರ್ಮಿಂಗ್‌ಹ್ಯಾಮ್:
ಫೇಲ್. ಇದರಲ್ಲಿ ಎರಡನೇ ಮಾತಿಲ್ಲ.

ಮೇಷ್ಟ್ರು ಹೇಳಿದ್ದು ಶಾಕ್ ಮಟ್ಟಿಗೆ ಸರಿ. ಒಣಗಿದ ಕೈಗೆ 19 ವೋಲ್ಟ್ ಏನೂ ಮಾಡುವುದಿಲ್ಲ. ನಮ್ಮ ಭಯ ಶಾಕ್ ಅಲ್ಲ, ಬಿಸಿ. ಆ ವೈರಿನಲ್ಲಿ ನಡುವೆ ಒಂದು ತಂತಿ, ಸುತ್ತ ಜಾಲರಿಯಂಥ ಎಳೆಗಳು ಇರುತ್ತವೆ. ಬಗ್ಗಿಸಿ ಬಗ್ಗಿಸಿ ಜಾಲರಿಯ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಉಳಿದ ನಾಲ್ಕೆಳೆಯ ಮೇಲೇ ಎಲ್ಲ ಕರೆಂಟೂ ಹೋಗಬೇಕು. ಅಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಹುಟ್ಟಿತು ಅಂದುಕೊಳ್ಳಿ. 3 ಆಂಪಿಯರ್ ಹರಿದರೆ ನಾಲ್ಕೂವರೆ ವ್ಯಾಟ್ ಬಿಸಿ. ಪೆನ್ನಿನ ಕ್ಯಾಪಿನಷ್ಟು ಜಾಗದಲ್ಲಿ ನಾಲ್ಕೂವರೆ ವ್ಯಾಟ್ ಅಂದರೆ ಪ್ಲಾಸ್ಟಿಕ್ ಕರಗುತ್ತದೆ. ಚಾರ್ಜರ್ ಸೋಫಾ ಮೇಲೋ ಪುಸ್ತಕಗಳ ಮಧ್ಯೆಯೋ ಬಿದ್ದಿದ್ದರಂತೂ ಹೇಳುವುದೇ ಬೇಡ.

ಚಾರ್ಜರಿನ ಒಳಗೆ ಓವರ್‌ಲೋಡ್ ರಕ್ಷಣೆ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದು ಕರೆಂಟ್ ಹೆಚ್ಚಾದರೆ ಮಾತ್ರ ಕೆಲಸ ಮಾಡುತ್ತದೆ. ಸಡಿಲ ಜಾಯಿಂಟಿನಲ್ಲಿ ಕರೆಂಟ್ ಹೆಚ್ಚುವುದೇ ಇಲ್ಲ, ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಇಲ್ಲಿನ ಪ್ಲಗ್ಗಿನೊಳಗೇ ಇರುವ 3 ಆಂಪಿಯರ್ ಫ್ಯೂಸಿಗಂತೂ ಸುದ್ದಿಯೇ ಮುಟ್ಟುವುದಿಲ್ಲ. 230 ವೋಲ್ಟ್ ಬದಿಯಲ್ಲಿ ಈ ಚಾರ್ಜರ್ 1 ಆಂಪಿಯರ್ ಕೂಡ ಎಳೆಯುವುದಿಲ್ಲ.

ಮೆಷಿನ್ ಪಾಸ್ ಅಂದದ್ದು 230 ವೋಲ್ಟ್ ಬದಿಯ ಇನ್ಸುಲೇಷನ್ ಬಗ್ಗೆ ಮಾತ್ರ. ಪಿನ್ನಿನ ಬುಡವನ್ನು ನೋಡಿದ್ದು ನಿಮ್ಮ ಕಣ್ಣು, ಅದೂ ಟೆಸ್ಟಿನ ಭಾಗವೇ. ಹೆಚ್ಚಿನ ದೋಷಗಳು ಕಣ್ಣಿಗೇ ಸಿಗುತ್ತವೆ ಅಂತ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಇಲ್ಲಿನ ಎಚ್‌ಎಸ್‌ಇ ಇಲಾಖೆಯೇ ಹೇಳುತ್ತದೆ. ಆಧಾರ ಬೇಕಾದರೆ 1989ರ ವಿದ್ಯುತ್ ನಿಯಮಗಳಿವೆ. ಅವು ಟೆಸ್ಟಿನ ಪಾಸ್ ಸ್ಟಿಕ್ಕರ್ ಕೇಳುವುದಿಲ್ಲ, ಅಪಾಯ ಆಗದ ಹಾಗೆ ಇಟ್ಟುಕೊಳ್ಳಿ ಅನ್ನುತ್ತವೆ.

ಟೇಪ್ ಬೇಡವೇ ಬೇಡ. ಒಳಗೆ ಎಳೆ ಕಡಿಯುವುದು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಕಾಣುವುದು ಮಾತ್ರ ನಿಲ್ಲುತ್ತದೆ. ಹಾಗಂತ ವೈರ್ ಕತ್ತರಿಸಲೂ ಹೋಗಬೇಡಿ, ಮೇಷ್ಟ್ರ ಸ್ವಂತದ್ದಿರಬಹುದು. ಫೇಲ್ ಸ್ಟಿಕ್ಕರ್ ಹಚ್ಚಿ, "ಡಿಸಿ ವೈರಿನ ಹೊದಿಕೆ ಸೀಳಿದೆ" ಅಂತ ಕಾರಣ ಬರೆದು, ನಿಮ್ಮ ಮೇಲಿನವರಿಗೆ ತಿಳಿಸಿ.

ಬೆಂಚ್ ರಿಪೇರಿ, ಬೆಂಗಳೂರು:
ಸರ್, ಸುಮ್ನೆ ಒಂದು ಒಳ್ಳೇ ಅಡಾಪ್ಟರ್ ಕಸಕ್ಕೆ ಹೋಗುತ್ತದಲ್ಲ! ಇಲ್ಲಿ ಎಸ್‌.ಪಿ. ರೋಡಿನಲ್ಲಿ ವೈರ್ ಸಮೇತ ಡಿಸಿ ಪಿನ್ ಸಿಗುತ್ತದೆ. ಹಾಳಾದ ತುದಿ ಕತ್ತರಿಸಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿದರೆ ಇನ್ನೂ ಎಷ್ಟೋ ಕಾಲ ಬಾಳುತ್ತದೆ. ಮೂರನೇ ತಂತಿ ಇರುವ ಮಾಡೆಲ್ ಆದರೆ ಹುಷಾರು. ಚಾರ್ಜರ್ ಯಾವುದು ಅಂತ ಲ್ಯಾಪ್‌ಟಾಪಿಗೆ ಹೇಳುವ ತಂತಿ ಅದು. ಅದು ಕಡಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ.

ಇನ್ನೊಂದು ಮಾತು. ಆ ತಾಮ್ರ ಮುಟ್ಟಿದರೆ "ಜುಮ್ ಅನ್ನತ್ತೆ" ಅಂತ ಗಿರಾಕಿಗಳು ಗಾಬರಿಯಾಗಿ ಬರುತ್ತಾರೆ. ಅರ್ಥ್ ಇಲ್ಲದ ಅಡಾಪ್ಟರಿನಲ್ಲಿ 230 ವೋಲ್ಟ್ ಬದಿ ಮತ್ತು ಡಿಸಿ ಬದಿಗಳ ಮಧ್ಯೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ಅದರ ಮೂಲಕ ಸೋರುವ ಚೂರು ಕರೆಂಟ್, ಅಂದರೆ ಲೀಕೇಜ್ ಅದು, ಗಾಬರಿ ಬೇಡ ಅನ್ನುತ್ತೇನೆ. ಕಡಿಮೆ ಬೆಲೆಯ ನಕಲಿ ಮಾಲಾದರೆ ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾರೆ.

ಹಳೇ ಮೆಗ್ಗರ್, ಬರ್ಮಿಂಗ್‌ಹ್ಯಾಮ್:
ಬೆಂಗಳೂರಿನವರ ಕೈಚಳಕಕ್ಕೆ ನಮಸ್ಕಾರ. ಮನೆಗಾದರೆ ನಾನೂ ಹಾಗೇ ಮಾಡುತ್ತೇನೆ. ಕಾಲೇಜಿಗೆ ಬೇಡ. ಆ ಬೆಸುಗೆಗೆ ನಾಳೆ ಹೊಣೆ ಯಾರು? ಅದೇ ವೋಲ್ಟ್, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಆಂಪಿಯರ್ ಇರುವ ಹೊಸದು ತರಿಸಿ. ಲೀಕೇಜ್ ಮಾತು ಸರಿ. ಕ್ಲಾಸ್ 2 ಸಾಮಾನಿಗೆ ನಾವು ಒಪ್ಪುವುದು 0.25 ಮಿಲಿಆಂಪಿಯರ್ ತನಕ.

ಲೆಸ್ಟರ್ ವಾಸಿ:
ಸ್ಟಿಕ್ಕರ್ ಹಚ್ಚಿದೆ, ಮೇಷ್ಟ್ರ ಮುಖ ಊದಿದೆ. ಇದೇ ಲೆಕ್ಕ ನೆಲ ಉಜ್ಜುವ ಮೆಷಿನ್ನಿಗೂ ಅಲ್ವಾ? ಅದರ 24 ವೋಲ್ಟ್ ಚಾರ್ಜರಿನ ವೈರ್ ಬಾಗಿಲಿಗೆ ಸಿಕ್ಕಿ ಜಜ್ಜಿದೆ.

ಹಳೇ ಮೆಗ್ಗರ್, ಬರ್ಮಿಂಗ್‌ಹ್ಯಾಮ್:
ಅದನ್ನೇ ಮೊದಲು ಹೇಳಬೇಕಿತ್ತು ಮಾರಾಯರೇ! ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಶಾರ್ಟ್ ಆದರೆ ಅದು ತಾನೇ ಆಫ್ ಆಗುತ್ತದೆ. ಇಲ್ಲಿ ವೈರಿನ ಇನ್ನೊಂದು ತುದಿಯಲ್ಲಿ ಲೆಡ್ ಆಸಿಡ್ ಬ್ಯಾಟರಿಗಳಿವೆ. ನಡುವೆ ಫ್ಯೂಸ್ ಇಲ್ಲದಿದ್ದರೆ ಶಾರ್ಟ್ ಆದಾಗ ನೂರಾರು ಆಂಪಿಯರ್ ಸುರಿಯುತ್ತವೆ. ಗೋಡೆಯ ಪ್ಲಗ್ ಕಿತ್ತರೂ ಬ್ಯಾಟರಿ ಕಡೆಯಿಂದ ಬರುವುದು ನಿಲ್ಲುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬರುತ್ತದೆ, ಒಂದು ಕಿಡಿ ಸಾಕು. ಈಗಲೇ ಹೋಗಿ ಗೋಡೆಯ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಕನೆಕ್ಟರ್ ಬಿಡಿಸಿ. ಜಜ್ಜಿದ ಜಾಗ ಮುಟ್ಟಬೇಡಿ, ಬಗ್ಗಿಸಬೇಡಿ. ಚಾರ್ಜರ್ ರೂಮಿಗೆ ಬೀಗ ಹಾಕಿ, ಸಂಜೆ ಕ್ಲೀನಿಂಗಿಗೆ ಬರುವವರಿಗೂ ಹೇಳಿ ಹೋಗಿ.