‘ಸಂಬಂಧದಲ್ಲೇ ಮದುವೆನಾ?’ ಅಂತ ಕೇಳಿದರೆ ಸಾಲದು: ನರ್ಸಿಂಗ್ ಮಕ್ಕಳಿಗೆ ಜೆನೆಟಿಕ್ಸ್ ಕಲಿಸುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ನರ್ಸಿಂಗ್ ಟ್ಯೂಟರ್, ಚಿಕ್ಕಬಳ್ಳಾಪುರ): ನಮಸ್ತೆ ಮೇಡಂ. ಬಿ.ಎಸ್ಸಿ. ನರ್ಸಿಂಗ್ ನಾಲ್ಕನೇ ಸೆಮಿಸ್ಟರ್‌ನಲ್ಲಿ ಪೆಥಾಲಜಿ ಜೊತೆ ಜೆನೆಟಿಕ್ಸ್ ಇದೆ. ಈ ಸಲ ಅದನ್ನು ನನಗೆ ಕೊಟ್ಟಿದ್ದಾರೆ. ಮೆಂಡಲ್, ಬಟಾಣಿ ಗಿಡ, ಕ್ರೋಮೋಸೋಮ್ ಎಲ್ಲ ಬೋರ್ಡ್ ಮೇಲೆ ಬರೆದು ಕಲಿಸಿದೆ. ಮಕ್ಕಳು ಇಂಟರ್ನಲ್ಸ್‌ನಲ್ಲಿ ಚೆನ್ನಾಗಿಯೇ ಬರೆದರು. ಆದರೆ ಮೊನ್ನೆ ಮಕ್ಕಳ ವಾರ್ಡಿನ ಪೋಸ್ಟಿಂಗ್‌ನಲ್ಲಿ ಒಬ್ಬ ತಾಯಿ "ಈ ಮಗೂಗೆ ಬಂದಿದ್ದು ಮುಂದಿನ ಮಗೂಗೂ ಬರುತ್ತಾ ಸಿಸ್ಟರ್?" ಅಂತ ಕೇಳಿದರೆ ಒಬ್ಬರ ಬಾಯಲ್ಲೂ ಮಾತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ಜೆನೆಟಿಕ್ ಕೌನ್ಸೆಲರ್, ಕೋಲಾರ): ನಮಸ್ತೆ. ನೀವು ಕಲಿಸಿದ್ದು ತಪ್ಪಲ್ಲ, ಶುರು ಮಾಡಿದ ಜಾಗ ಬದಲಾಯಿಸಿ ನೋಡಿ. ಬಟಾಣಿಯಿಂದ ಬೇಡ, ಆ ತಾಯಿಯ ಪ್ರಶ್ನೆಯಿಂದಲೇ ಶುರು ಮಾಡಿ. ಮೊದಲ ಕ್ಲಾಸಿನಲ್ಲೇ ಮೂರು ತಲೆಮಾರಿನ ವಂಶವೃಕ್ಷ ಬರೆಸಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು, ಗಂಡ ಹೆಂಡತಿ ನಡುವೆ ಒಂದು ಗೆರೆ. ರಕ್ತಸಂಬಂಧ ಇದ್ದರೆ ಎರಡು ಗೆರೆ.

ನಮ್ಮ ಕಡೆ ಈ ಎರಡನೇ ಗೆರೆ ಎಳೆಯುವುದೇ ಕಷ್ಟ. ಮಕ್ಕಳು "ಸಂಬಂಧದಲ್ಲೇ ಮದುವೆನಾ?" ಅಂತ ಕೇಳುತ್ತಾರೆ. ಸಂಬಂಧ ಅಂದರೆ ಮದುವೆ ಸಂಬಂಧ ಅಂತಲೂ ಆಗುತ್ತದೆ ಅಲ್ವಾ? ರೋಗಿಯ ಮನೆಯವರು "ಹೂಂ, ಒಳ್ಳೇ ಸಂಬಂಧ" ಅನ್ನುತ್ತಾರೆ. ಇಲ್ಲಾಂದರೆ ಡಾಕ್ಟರು ಬೈತಾರೆ ಅಂತ "ಇಲ್ಲ" ಅನ್ನುತ್ತಾರೆ. ನಾನು ಬೇರೆ ಥರ ಕೇಳುತ್ತೇನೆ. "ಮದುವೆಗೆ ಮುಂಚೆ ಯಜಮಾನರನ್ನ ಏನಂತ ಕರೀತಿದ್ರಿ?" "ನಿಮ್ಮ ಅತ್ತೆ ನಿಮ್ಮಮ್ಮನಿಗೆ ಏನಾಗಬೇಕು?"

ಒಂದು ಸಲ ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಫೈಲಿನಲ್ಲಿ ಎರಡು ಕಡೆ ‘ರಕ್ತಸಂಬಂಧ ಇಲ್ಲ’ ಅಂತ ಬರೆದಿತ್ತು. ಎರಡನೇ ಪ್ರಶ್ನೆ ಕೇಳಿದಾಗ ಅವಳು ನಕ್ಕು, "ನಮ್ಮಜ್ಜೀನೇ ನಮ್ಮತ್ತೆ ಮೇಡಂ" ಅಂದಳು. ಗಂಡ ಅವಳಮ್ಮನ ಸ್ವಂತ ತಮ್ಮ. ಸುಳ್ಳು ಹೇಳಿದ್ದಲ್ಲ. ಅವಳ ಪ್ರಕಾರ ಅದು ಮನೆ ಒಳಗಿನ ಮದುವೆ, ಅಷ್ಟೇ. ತೆಲುಗು ಮಾತಾಡುವ ಮನೆಗಳಲ್ಲಿ ‘ಮೇನರಿಕಂ’ (ಸೋದರ ಸಂಬಂಧದ ಮದುವೆ) ಅಂತ ಕೇಳಿದರೆ ಸಲೀಸಾಗಿ ಹೇಳುತ್ತಾರೆ. ಈ ಮಾತುಗಳನ್ನೆಲ್ಲ ನಿಮ್ಮ ಮಕ್ಕಳಿಗೆ ಕಲಿಸಿ. ಸಿಲಬಸ್‌ನಲ್ಲಿ ಇರುವುದಿಲ್ಲ, ಕೆಲಸಕ್ಕೆ ಬರುವುದು ಇದೇ.

ಪ್ರಶ್ನೆ (ಎಎನ್‌ಎಂ, ಚಿಂತಾಮಣಿ ಕಡೆ): ಮೇಡಂ, ನಮ್ಮ ಹಳ್ಳಿಗಳಲ್ಲಿ "ಅಕ್ಕನ ಮಗಳು ಬೇರೆ ಗೋತ್ರ, ಹಾಗಾಗಿ ರಕ್ತ ಬೇರೆ" ಅಂತಾರೆ. ಚಿಕ್ಕಪ್ಪನ ಮಗಳಾದರೆ ತಂಗಿ, ಮದುವೆ ಮಾತೇ ಇಲ್ಲ. ಇದಕ್ಕೆ ಏನು ಹೇಳಲಿ?

ಉತ್ತರ: ಗೋತ್ರ, ಬೆಡಗು ಬರುವುದು ಅಪ್ಪನ ಕಡೆಯಿಂದ ಮಾತ್ರ. ಜೀನ್‌ಗಳು ಹಾಗಲ್ಲ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. 46 ಕ್ರೋಮೋಸೋಮ್‌ಗಳಲ್ಲಿ 23 ಅಮ್ಮನವು. ಹಾಗಾಗಿ ಅಕ್ಕನ ಮಗಳಿಗೂ ಸೋದರಮಾವನಿಗೂ ಸರಾಸರಿ ನಾಲ್ಕರಲ್ಲಿ ಒಂದು ಪಾಲು ಜೀನ್ ಒಂದೇ. ಅತ್ತೆ ಮಗ, ಮಾವನ ಮಗಳ ನಡುವೆ ಎಂಟರಲ್ಲಿ ಒಂದು ಪಾಲು. ಚಿಕ್ಕಪ್ಪನ ಮಗಳಿಗೂ ಅದೇ ಎಂಟರಲ್ಲಿ ಒಂದು. ಅಂದರೆ ನಾವು ತಂಗಿ ಅಂತ ದೂರ ಇಡುವವಳಿಗಿಂತ ಅಕ್ಕನ ಮಗಳೇ ಹತ್ತಿರ.

ಆದರೆ ದಯವಿಟ್ಟು ಹೆದರಿಸಬೇಡಿ. ಸಂಬಂಧವೇ ಇಲ್ಲದ ಗಂಡ ಹೆಂಡತಿಗೂ 100ರಲ್ಲಿ 2–3 ಮಕ್ಕಳು ಹುಟ್ಟಿನಿಂದಲೇ ದೊಡ್ಡ ತೊಂದರೆ ಇಟ್ಟುಕೊಂಡು ಬರುತ್ತವೆ. ಅತ್ತೆ ಮಗ, ಮಾವನ ಮಗಳಾದರೆ ಅದು ಸುಮಾರು ಎರಡರಷ್ಟು. ಸೋದರಮಾವನಾದರೆ ಇನ್ನೂ ಜಾಸ್ತಿ. ಆದರೂ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಮನೆಯಲ್ಲಿ ಆಗಲೇ ಕಾಯಿಲೆ ಇರುವ ಮಗು ಇದ್ದರೆ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಮದುವೆ ಆಗಿ ಬಸುರಾದವಳ ಮುಂದೆ "ಯಾಕೆ ಮಾವನ್ನ ಮದುವೆ ಆದೆ?" ಅನ್ನುವುದರಿಂದ ಏನೂ ಉಪಯೋಗವಿಲ್ಲ. ಅವಳನ್ನು ಯಾರೂ ಕೇಳಿರುವುದೇ ಇಲ್ಲ, ಎಷ್ಟೋ ಸಲ.

ಪ್ರಶ್ನೆ (ಮೊದಲು ಕೇಳಿದ ಟ್ಯೂಟರ್): ‘ಮನೆಯಲ್ಲಿ ಆಗಲೇ ಕಾಯಿಲೆ ಇರುವ ಮಗು’ ಅಂದಿರಿ. ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟಿರುವ ಜೀನ್ ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತ ಹೇಳಿದರೆ ಜನ "ಮೂರು ಚೆನ್ನಾಗಿರುತ್ತೆ, ಒಂದಕ್ಕೆ ಬರುತ್ತೆ" ಅಂತ ತಿಳಿದುಕೊಳ್ಳುತ್ತಾರೆ. ನನ್ನ ಸ್ಟೂಡೆಂಟ್‌ಗಳೂ ಹಾಗೇ ತಿಳಿದಿದ್ದಾರೆ.

ಉತ್ತರ: ಇದಕ್ಕೆ ಅಡುಗೆಮನೆ ಸಾಕು. ಇಬ್ಬಿಬ್ಬರಿಗೆ ಎರಡು ಬಟ್ಟಲು ಕೊಡಿ. ಒಂದು ಅಪ್ಪ, ಒಂದು ಅಮ್ಮ. ಎರಡರಲ್ಲೂ ಒಂದು ಅವರೆಕಾಳು, ಒಂದು ಹುರುಳಿಕಾಳು. ಅವರೆ ಸರಿ ಇರುವ ಜೀನ್, ಹುರುಳಿ ಕೆಟ್ಟಿರುವ ಜೀನ್. ಬಟ್ಟಲು ನೋಡದೆ ತಲಾ ಒಂದು ಕಾಳು ತೆಗೆಯಬೇಕು. ಎರಡು ಅವರೆ ಬಂದರೆ ಮಗು ಚೆನ್ನಾಗಿದೆ. ಒಂದೊಂದು ಬಂದರೂ ಚೆನ್ನಾಗಿದೆ, ಆದರೆ ಅಪ್ಪ ಅಮ್ಮನ ಹಾಗೇ ಕ್ಯಾರಿಯರ್, ಅಂದರೆ ಕಾಯಿಲೆ ಇಲ್ಲ, ಕೆಟ್ಟಿರುವ ಜೀನ್ ಮಾತ್ರ ಒಳಗಿದೆ. ಎರಡೂ ಹುರುಳಿ ಬಂದರೆ ಕಾಯಿಲೆ. ಬರೆದುಕೊಂಡು ಕಾಳನ್ನು ವಾಪಸ್ ಬಟ್ಟಲಿಗೆ ಹಾಕಬೇಕು. ವಾಪಸ್ ಹಾಕುವುದನ್ನು ಮರೆಯಬಾರದು, ಪಾಠ ಇರುವುದೇ ಅಲ್ಲಿ. ಪ್ರತಿ ಬಸುರಿಗೂ ಬಟ್ಟಲು ಹೊಸದು.

ಒಬ್ಬೊಬ್ಬರೂ ನಾಲ್ಕು ಸಲ ತೆಗೆದು ನಾಲ್ಕು ಮಕ್ಕಳ ಮನೆ ಮಾಡಲಿ. 40 ಮಕ್ಕಳ ಕ್ಲಾಸಾದರೆ ಹೆಚ್ಚುಕಡಿಮೆ 13 ಮನೆಗಳಲ್ಲಿ ಒಂದು ಮಗುವಿಗೂ ಕಾಯಿಲೆ ಇರುವುದಿಲ್ಲ. ಕೆಲವು ಮನೆಗಳಲ್ಲಿ ಎರಡು, ಎಲ್ಲೋ ಒಂದೆರಡರಲ್ಲಿ ಮೂರು. ಎರಡು ಹುರುಳಿ ಒಟ್ಟಿಗೆ ಕೈಗೆ ಬಂದ ಹುಡುಗಿ ಸುಮ್ನೆ ಅಂಗೈ ನೋಡುತ್ತಾ ನಿಲ್ಲುತ್ತಾಳೆ. ಆಮೇಲೆ ಅವಳು ವಾರ್ಡಿನಲ್ಲಿ "ಮುಂದಿನದು ಚೆನ್ನಾಗೇ ಆಗುತ್ತೆ ಬಿಡಮ್ಮ" ಅಂತ ಹೇಳುವುದಿಲ್ಲ.

ಕೆಲವು ಗುಣಗಳಿಗೆ ಜೋಡಿಯಲ್ಲಿ ಒಂದೇ ಜೀನ್ ಸಾಕು, ಎದ್ದು ಕಾಣುತ್ತದೆ ಅನ್ನುವುದಕ್ಕೆ ರೇಷ್ಮೆ ಇದೆ. ನಿಮ್ಮ ಕ್ಲಾಸಿನಲ್ಲಿ ಶಿಡ್ಲಘಟ್ಟ ಕಡೆಯವರು ಖಂಡಿತ ಇರುತ್ತಾರೆ. ಹಳದಿ ಗೂಡಿನ ಮೈಸೂರು ತಳಿಗೆ ಬಿಳಿ ಗೂಡಿನ ಬೈವೋಲ್ಟಿನ್ ತಳಿ ಸೇರಿಸಿದರೆ ಸಿ.ಬಿ. (ಮಿಶ್ರತಳಿ) ಗೂಡು ಹಳದಿಯೇ ಬರುತ್ತದೆ ಅಂತ ಅವರಿಗೆ ಗೊತ್ತು. ಬಿಳಿಯ ಜೀನ್ ಒಳಗೇ ಇದೆ, ಕಾಣುತ್ತಿಲ್ಲ. ಮೆಂಡಲ್ ಹೇಳಿದ್ದು ಪ್ರಾಣಿಗಳಿಗೂ ಹೊಂದುತ್ತದೆ ಅಂತ ಜಪಾನಿನ ವಿಜ್ಞಾನಿ ತೋಯಾಮ ತೋರಿಸಿದ್ದು ರೇಷ್ಮೆ ಹುಳದಲ್ಲೇ. ಬಟಾಣಿ ಬೇಕಾದರೆ ಅದಾದ ಮೇಲೆ ಹೇಳಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ತುಮಕೂರು): ಬಸುರಿಯರ ರಕ್ತದಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ಕಡಿಮೆ ಬಂದರೆ ಎಲ್ಲರೂ ಐರನ್ ಮಾತ್ರೆ ಬರೆದು ಕಳಿಸುತ್ತಾರೆ. ಥಲಸ್ಸೀಮಿಯಾ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಕ್ಯಾರಿಯರ್ ಅಂತ ನಾವು ಯಾವಾಗ ಅನುಮಾನ ಪಡಬೇಕು ಸರ್/ಮೇಡಂ?

ಉತ್ತರ: ಒಳ್ಳೆಯ ಪ್ರಶ್ನೆ. ಎಂಸಿವಿಯನ್ನು ಕೆಂಪು ರಕ್ತಕಣದ ಕೌಂಟ್‌ನಿಂದ ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಅನುಮಾನ ಪಡಿ. ಉದಾಹರಣೆಗೆ ಎಂಸಿವಿ 64, ಕೌಂಟ್ 5.6 (ಮಿಲಿಯನ್ ಲೆಕ್ಕದಲ್ಲಿ) ಇದ್ದರೆ 11.4. ಇದು ಬರೀ ಸುಳಿವು, ತೀರ್ಪಲ್ಲ. ಆಮೇಲೆ ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಎಚ್‌ಬಿ ಎ2 ಅನ್ನುವ ಬಗೆ ಎಷ್ಟಿದೆ ನೋಡಬೇಕು. 3.5%ಗಿಂತ ಜಾಸ್ತಿ ಇದ್ದರೆ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್ ಇರಬಹುದು. ಎರಡು ಎಚ್ಚರಿಕೆ: ಕಬ್ಬಿಣದ ಕೊರತೆ ಜಾಸ್ತಿ ಇದ್ದರೆ ಎ2 ಸ್ವಲ್ಪ ಇಳಿದು ಕಾಣಬಹುದು. ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ ರಿಪೋರ್ಟ್ ನಂಬಬೇಡಿ.

ಹೆಂಡತಿಯದು ಪಾಸಿಟಿವ್ ಬಂದರೆ ಅದೇ ವಾರ ಗಂಡನನ್ನು ಕರೆಸಿ. ಇಬ್ಬರೂ ಕ್ಯಾರಿಯರ್ ಆದರೆ 11ರಿಂದ 13 ವಾರದೊಳಗೆ ಮಗುವಿನ ಪರೀಕ್ಷೆ ಮಾಡಿಸಲು ದಾರಿ ಇದೆ. ಐದನೇ ತಿಂಗಳಲ್ಲಿ ಕಳಿಸಿದರೆ ಆ ಮನೆಯವರಿಗೆ ಯೋಚಿಸಲು ಸಮಯವೇ ಇರುವುದಿಲ್ಲ.

ಪ್ರಶ್ನೆ (ಓಟಿ ಸ್ಟಾಫ್ ನರ್ಸ್, ಕೋಲಾರ): ನಮಗೆ ಓಟಿಯಲ್ಲಿ ಇದರಿಂದ ಏನು ಉಪಯೋಗ ಅಕ್ಕ? ಸುಮ್ನೆ ಕೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಉತ್ತರ: ಬೇಜಾರು ಯಾಕೆ? ನಿಮಗೇ ಜಾಸ್ತಿ ಉಪಯೋಗ. ಉಸಿರಾಟದ ಟ್ಯೂಬ್ ಹಾಕುವ ಮುಂಚೆ ಸ್ನಾಯು ಸಡಿಲವಾಗಲು ಸ್ಕೋಲಿನ್ ಕೊಡುತ್ತೀರಲ್ಲ, ಅದರ ಪರಿಣಾಮ 5–10 ನಿಮಿಷ. ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ಗಂಟೆಗಟ್ಟಲೆ ಉಸಿರಾಟ ಬರುವುದಿಲ್ಲ, ವೆಂಟಿಲೇಟರ್ ಮೇಲೇ ಇಡಬೇಕು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚು ಅಂತ ಅಧ್ಯಯನಗಳಲ್ಲಿ ಗೊತ್ತಾಗಿದೆ. ಇದು ಯಾರ ದೋಷವೂ ಅಲ್ಲ. ತಮ್ಮವರಲ್ಲೇ ಮದುವೆ ಆಗುವ ಪ್ರತಿ ಸಮುದಾಯದಲ್ಲೂ ಇಂಥ ಒಂದೆರಡು ಜೀನ್ ಕೂಡಿಕೊಂಡಿರುತ್ತವೆ. ಆದ್ದರಿಂದ ಜಾತಿ ಕೇಳಬೇಡಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: "ಮನೇಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರೋದು ತಡ ಆಗಿತ್ತಾ?" ಹೌದು ಅಂದರೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅರಿವಳಿಕೆ ಡಾಕ್ಟರಿಗೆ ಬಾಯಲ್ಲೂ ಹೇಳಿ. ಅಂಥ ಒಬ್ಬ ರೋಗಿ ಸಿಕ್ಕರೆ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಹೇಳಿ ಕಳಿಸಿ. ಅವರಲ್ಲಿ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ಮತ್ತೆ ಅವರೆಕಾಳು ಬಟ್ಟಲೇ.

ಪ್ರಶ್ನೆ (ಫಿಸಿಯೋಥೆರಪಿಸ್ಟ್, ಗೌರಿಬಿದನೂರು): ಡುಶೆನ್ (ಸ್ನಾಯುಗಳು ಬರಬರುತ್ತಾ ಸೊರಗುವ ಕಾಯಿಲೆ) ಇರುವ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಗಂಡು ಮಕ್ಕಳಿಗೆ ತಾಯಿಯಿಂದ ಬರುವ ಕಾಯಿಲೆ ಅಂತ ಓದಿದ್ದೇವೆ. ಮನೆಯವರಿಗೆ ಹಾಗೇ ಹೇಳಬಹುದಾ?

ಉತ್ತರ: ಬೇಡ. ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳು ವರ್ಷದ ಹುಡುಗ ಬಂದಿದ್ದ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಊರಿ ಏಳುತ್ತಿದ್ದ. ಅವನ ತಾಯಿಯೂ ಅವಳ ಅತ್ತೆಯೂ ಪಕ್ಕದಲ್ಲೇ ಇದ್ದರು. ನಾನು ಓದಿದ್ದನ್ನು ಹಾಗೇ ಹೇಳಿಬಿಟ್ಟೆ: "ಇದು ತಾಯಿ ಕಡೆಯಿಂದ ಬರುತ್ತೆ." ಆ ತಾಯಿ ಏನೂ ಅನ್ನಲಿಲ್ಲ, ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಮುಂದಿನ ಸಲ ಮಗುವನ್ನು ಅಪ್ಪ ಒಬ್ಬನೇ ಕರೆತಂದ. ಅವಳನ್ನು ತವರಿಗೆ ಕಳಿಸಿದ್ದರು. ಆಮೇಲೆ ಅವಳ ರಕ್ತದ ಪರೀಕ್ಷೆ ಆಯಿತು. ಅವಳು ಕ್ಯಾರಿಯರ್ ಅಲ್ಲ! ಡುಶೆನ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ಬದಲಾವಣೆ ಹೊಸದಾಗಿ ಆಗಿರುತ್ತದೆ. ಅಪ್ಪನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಎರಡು ಗಂಟೆ ಮಾತಾಡಿದೆ. ಅವಳು ವಾಪಸ್ ಬಂದಳು. ಆದರೆ ಆ ಐದು ತಿಂಗಳು ಮಗು ತಾಯಿ ಇಲ್ಲದೆ ಇತ್ತು.

ಅದಕ್ಕೇ ನಾನು ಕ್ಲಾಸಿನಲ್ಲಿ ಜೀನ್ ಎಷ್ಟು ಕಲಿಸುತ್ತೇನೋ ಅಷ್ಟೇ ಹೊತ್ತು ಮಾತನ್ನೂ ಕಲಿಸುತ್ತೇನೆ. ‘ಯಾರಿಂದ ಬಂತು’ ಅನ್ನುವ ಮಾತು ಎಲ್ಲರ ಮುಂದೆ ಬೇಡ. ರಿಪೋರ್ಟ್ ಬರುವ ಮುಂಚೆ ಬೇಡವೇ ಬೇಡ. ಮೊದಲು ತಾಯಿಯ ಹತ್ತಿರ ಒಬ್ಬರೇ ಮಾತಾಡಿ. ಇನ್ನೊಂದು: ರಕ್ತದಲ್ಲಿ ಇಲ್ಲ ಅಂತ ಬಂದರೂ ಕೆಲವು ಅಂಡಾಣುಗಳಲ್ಲಿ ಬದಲಾವಣೆ ಇರುವ ಸಣ್ಣ ಸಾಧ್ಯತೆ ಉಳಿಯುತ್ತದೆ. ಮುಂದಿನ ಬಸುರಿನಲ್ಲಿ ಜೆನೆಟಿಕ್ಸ್ ಡಾಕ್ಟರನ್ನು ಕಾಣಲೇಬೇಕು.

ಪ್ರಶ್ನೆ (ಟ್ಯೂಟರ್): ಜೀನೋಮಿಕ್ಸ್ ಎಷ್ಟು ಕಲಿಸಲಿ? ಮತ್ತೆ, ಮಕ್ಕಳಿಗೆ ಅವರವರ ಮನೆಯ ವಂಶವೃಕ್ಷ ಬರೆದು ತರಲು ಅಸೈನ್‌ಮೆಂಟ್ ಕೊಡಬಹುದಾ?

ಉತ್ತರ: ಒಂದು ಜೀನ್ ನೋಡುವುದು ಜೆನೆಟಿಕ್ಸ್, ಸುಮಾರು 20,000 ಜೀನ್‌ಗಳ ಸಮೇತ ಇಡೀ ಡಿಎನ್‌ಎ ಒಟ್ಟಿಗೆ ನೋಡುವುದು ಜೀನೋಮಿಕ್ಸ್. ನರ್ಸ್‌ಗೆ ಮುಖ್ಯವಾಗಿ ಒಂದು ಮಾತು ಗೊತ್ತಿರಲಿ. ರಿಪೋರ್ಟಿನಲ್ಲಿ ‘ವಿಯುಎಸ್’ ಅಂತ ಇದ್ದರೆ ಬದಲಾವಣೆ ಸಿಕ್ಕಿದೆ, ಅದರಿಂದ ಕಾಯಿಲೆ ಬರುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಅಂತ ಅರ್ಥ. ಅದನ್ನು ಪಾಸಿಟಿವ್ ಅಂತ ಓದಿ ಹೇಳಬಾರದು. ಹಾಗೆಯೇ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಒಂದು ಕ್ಲಾಸ್ ಪೂರ್ತಿ ಮಾಡಿ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಅನ್ನುವುದನ್ನು ಮಾತಲ್ಲೂ ಸನ್ನೆಯಲ್ಲೂ ತಿಳಿಸುವ ಹಾಗಿಲ್ಲ.

ಸ್ವಂತ ಮನೆಯ ವಂಶವೃಕ್ಷ ಕಡ್ಡಾಯ ಮಾಡಬೇಡಿ. ನಾನು ಒಂದು ವರ್ಷ ಮಾಡಿದ್ದೆ. ಒಬ್ಬ ಹುಡುಗಿ ಖಾಲಿ ಹಾಳೆ ಕೊಟ್ಟು ಹೊರಗೆ ಹೋದಳು. ದತ್ತು ಬಂದ ಮಗು ಅವಳು. ಯಾರಿಗೂ ಹೇಳಿರಲಿಲ್ಲ. ಈಗ ನಾನೇ ಒಂದು ಮನೆ ಕಟ್ಟಿ ಕೊಡುತ್ತೇನೆ: ಅಜ್ಜಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳ ಮಗಳನ್ನು ಆ ಮಗನೇ ಮದುವೆ ಆಗಿದ್ದಾನೆ. ಮೊದಲ ಮಗುವಿಗೆ ಕಿವಿ ಕೇಳುವುದಿಲ್ಲ, ಎರಡನೆಯದು ಹೊಟ್ಟೆಯಲ್ಲಿದೆ. ಎರಡು ಗೆರೆ ಎಲ್ಲಿ ಬರಬೇಕು ಅಂತ ಹೇಳಿಕೊಡಬೇಡಿ. ಗೆರೆ ಓರೆಯಾಗಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುತ್ತದೆ ಅಂತ ಅವರೇ ಕಂಡುಕೊಳ್ಳಲಿ.

ಹುರುಳಿ ಸ್ವಲ್ಪ ಜಾಸ್ತಿಯೇ ತೆಗೆದುಕೊಂಡು ಹೋಗಿ. ಬೆಂಚಿನ ಕೆಳಗೆ ಉರುಳಿದರೆ ಸಿಗುವುದಿಲ್ಲ.