ಸಿಜೆ-3ಬಿ ಜೀಪಿಗೆ ಡೀಸೆಲ್ ಎಂಜಿನ್: ಜೊತೆಗೆ ಯಾವ ಗೇರ್‌ಬಾಕ್ಸ್ ಸೂಕ್ತ?

ಎರೆಹೊಲ, ಲಿಂಗಸುಗೂರು

ಮಾನ್ಯರೆ, ನಮ್ಮ ಮನೆಯಲ್ಲಿ 1960ರ ದಶಕದ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪೊಂದಿದೆ. ಅದರ 2.2 ಲೀಟರಿನ ಹರಿಕೇನ್ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿರುವುದರಿಂದ ಡೀಸೆಲ್ ಎಂಜಿನ್ ಕೂರಿಸಬೇಕೆಂದಿದ್ದೇನೆ. ರಾಯಚೂರಿನ ಗುಜರಿಯಲ್ಲಿ ಎರಡು ಎಂಜಿನ್ ಸಿಕ್ಕಿವೆ. ಒಂದು ಮಹೀಂದ್ರದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್, ಅಂದರೆ ಡೀಸೆಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುವಂಥದು). ಅದಕ್ಕೆ ನಾಲ್ಕು ಗೇರಿನ ಬಾಕ್ಸ್ ಮತ್ತು ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಅಂಟಿಕೊಂಡೇ ಇವೆ. ಇನ್ನೊಂದು ಪ್ಯೂಜೋ ಎಕ್ಸ್‌ಡಿಪಿ 4.90, ಅದು ಬರೀ ಎಂಜಿನ್. ನನ್ನ ಜೀಪಿನ ಮೂರು ಗೇರಿನ ಟಿ-90 ಬಾಕ್ಸ್ ಸುಸ್ಥಿತಿಯಲ್ಲಿದೆ. ನಮ್ಮೂರಿನ ಮೆಕ್ಯಾನಿಕ್ ಮಾತ್ರ ಐದು ಗೇರಿನ ಬಾಕ್ಸನ್ನೇ ಹಾಕಿಸಿ ಎನ್ನುತ್ತಿದ್ದಾರೆ. ಆಗಾಗ ಸಿಂಧನೂರಿನವರೆಗೆ ಡಾಂಬರು ರಸ್ತೆಯಲ್ಲಿ ಹೋಗುವುದು, ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿಯುವುದು, ಇಷ್ಟೇ ಬಳಕೆ. ಯಾವ ಜೋಡಿ ಸರಿಹೊಂದೀತು?

ಸಂಡೂರು ಘಾಟಿ

ತಾವು ಎಂಜಿನ್ ಮತ್ತು ಗೇರ್‌ಬಾಕ್ಸ್ ಕುರಿತು ಕೇಳಿದ್ದೀರಿ, ಆದರೆ ಲೆಕ್ಕ ಶುರುವಾಗಬೇಕಾದದ್ದು ಹಿಂದಿನ ಆಕ್ಸಲ್‌ನಿಂದ. ಈ ಜೀಪಿನ ಆಕ್ಸಲ್ಲಿನೊಳಗಿನ ಕ್ರೌನ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್‌ಗೆ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಸಾಮಾನ್ಯವಾಗಿ 43 ಮತ್ತು 8 ಹಲ್ಲುಗಳಿರುತ್ತವೆ, ಅಂದರೆ ಅನುಪಾತ 5.38. ಇಷ್ಟು ಹಳೆಯ ಗಾಡಿಯಲ್ಲಿ ಯಾರಾದರೂ ಅದನ್ನು ಬದಲಿಸಿರಬಹುದಾದ್ದರಿಂದ ಪರೀಕ್ಷಿಸಿಕೊಳ್ಳಿ: ಗಾಡಿ ಉರುಳದಂತೆ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕ್‌ನಿಂದ ಎತ್ತಿ ಎರಡು ಸುತ್ತು ತಿರುಗಿಸಿದರೆ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಐದು ಸುತ್ತು ಮುಗಿಸಿ ಆರನೆಯದರಲ್ಲಿ ಮೂರನೇ ಒಂದು ಭಾಗ ದಾಟಬೇಕು (ಒಂದೇ ಗಾಲಿ ತಿರುಗುವಾಗ ಅದರ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ).

6.00-16 ಟೈರು ಒಂದು ಸುತ್ತಿಗೆ ಸುಮಾರು 2.24 ಮೀಟರ್ ಉರುಳುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದಾಗ ಟಾಪ್ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಬರುತ್ತದೆ (ಕಾಗದದ ಮೇಲೆ, ಆ ವೇಗದಲ್ಲಿ ಈ ಜೀಪಿನ ಸ್ಟೀರಿಂಗ್ ಹಿಡಿಯುವುದು ಬೇರೆಯೇ ಮಾತು). ಟ್ರ್ಯಾಕ್ಟರ್ ಮೂಲದ ಡಿಐ ಎಂಜಿನ್ನನ್ನು ಸುತ್ತಿನ ವೇಗಕ್ಕೆ ಮಿತಿ ಹಾಕುವ ಗವರ್ನರ್ 3000ದ ಆಸುಪಾಸಿನಲ್ಲಿಯೇ ತಡೆಯುವುದರಿಂದ ಅದೇ ಆಕ್ಸಲ್‌ನಲ್ಲಿ 75 ಕಿ.ಮೀ.ಗೆ ದಾರಿ ಮುಗಿಯುತ್ತದೆ. ಮೂರು ಗೇರಿನ ಬಾಕ್ಸಿನ ಬದಲು ನಾಲ್ಕು ಗೇರಿನದನ್ನು ಹಾಕಿದರೂ ಈ ಮಿತಿ ಕದಲುವುದಿಲ್ಲ, ಏಕೆಂದರೆ ಎರಡರಲ್ಲಿಯೂ ಟಾಪ್ ಗೇರ್ ನೇರ, ಒಂದಕ್ಕೊಂದು. ಗೇರುಗಳ ಸಂಖ್ಯೆ ಹೆಚ್ಚಿದರೆ ವೇಗವೂ ಹೆಚ್ಚುತ್ತದೆಂಬ ನಂಬಿಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಲವಾಗಿಯೇ ಇದೆ.

ವೇಗ ಬೇಕೆಂದರೆ ಕ್ರೌನ್-ಪಿನಿಯನ್ ಬದಲಿಸಬೇಕು. 4.88 ಹಾಕಿದರೆ ಅದೇ 3000 ಸುತ್ತಿಗೆ 83 ಕಿ.ಮೀ., 4.27 ಹಾಕಿದರೆ 94 ಕಿ.ಮೀ. ಆಗುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತವಿರಲೇಬೇಕು. ಇಲ್ಲವಾದರೆ ಫೋರ್ ಬೈ ಫೋರ್ ಹಾಕಿದೊಡನೆ ಎರಡು ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಲ್ಲುಗಳನ್ನು ತಿನ್ನುತ್ತವೆ. ಎರೆಹೊಲದ ಲೆಕ್ಕವೂ ಇಲ್ಲಿದೆ: ಟಿ-90ಯ ಮೊದಲ ಗೇರ್ 2.80, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38, ಒಟ್ಟು 37. ಎಂಜಿನ್ 1000 ಸುತ್ತು ತಿರುಗುವಾಗ ಗಾಡಿ ಗಂಟೆಗೆ ಸುಮಾರು 3.6 ಕಿ.ಮೀ. ತೆವಳುತ್ತದೆ. 4.27ರ ಆಕ್ಸಲ್‌ನಲ್ಲಿ ಅದು 4.6 ಆಗುತ್ತದೆ. ಹಸಿ ಎರೆಮಣ್ಣಿನಲ್ಲಿ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ.

ಹಾಗಾಗಿ ನನ್ನ ಸಲಹೆಯೆಂದರೆ, ಡಿಐ ಎಂಜಿನ್ನನ್ನು ಅದರದ್ದೇ ನಾಲ್ಕು ಗೇರಿನ ಬಾಕ್ಸಿನೊಂದಿಗೆ ತಂದು, ಆಕ್ಸಲ್ಲನ್ನು ಸದ್ಯಕ್ಕೆ ಮುಟ್ಟದೆ ಬಿಡಿ.

ಕೊಪ್ಪಳ ಲೇತ್

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದೇ ಲೆಕ್ಕದಿಂದ ನೋಡಿದರೆ ಪ್ಯೂಜೋ ಎಂಜಿನ್ನೇ 5.38 ಆಕ್ಸಲ್‌ಗೆ ಹತ್ತಿರವಾದದ್ದು, ಏಕೆಂದರೆ 2112 ಸಿಸಿಯ ಅದು 4500 ಸುತ್ತಿನವರೆಗೂ ಏರುತ್ತದೆ. ಅದನ್ನು ನಾನು ಒಲ್ಲೆನೆನ್ನುವುದಕ್ಕೆ ಕಾರಣಗಳು ಬೇರೆ. ಅದು ಪ್ರೀ-ಚೇಂಬರ್ ಮಾದರಿಯದು, ಅಂದರೆ ಡೀಸೆಲ್ ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಉರಿಯತೊಡಗುತ್ತದೆ. ನೇರ ಇಂಜೆಕ್ಷನ್ ಎಂಜಿನ್ನಿಗಿಂತ ಹೆಚ್ಚು ಶಾಖವನ್ನು ನೀರಿಗೆ ಬಿಡುತ್ತದೆ, ಚಳಿಯಲ್ಲಿ ಸ್ಟಾರ್ಟ್ ಆಗಲು ಆ ಕೋಣೆಯನ್ನು ಕಾಯಿಸುವ ಗ್ಲೋ ಪ್ಲಗ್ ಬೇಕು. ರಾಯಚೂರಿನ ಬೇಸಿಗೆಯಲ್ಲಿ ಹಳೆಯ ರೇಡಿಯೇಟರ್ ಅದನ್ನು ತಾಳುವುದು ಕಷ್ಟ. ಮೇಲಾಗಿ ನಿಮಗೆ ಅದರ ಬೆಲ್ ಹೌಸಿಂಗ್ ಸಿಕ್ಕಿಲ್ಲ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಲೇಬೇಕಾಗುತ್ತದೆ.

ಅಡಾಪ್ಟರ್ ಪ್ಲೇಟ್ ಎಂದರೆ ದಪ್ಪ ತಗಡಿಗೆ ರಂಧ್ರ ಕೊರೆಯುವ ಕೆಲಸವಷ್ಟೇ ಎಂದು ತಿಳಿದವರ ಗೇರ್‌ಬಾಕ್ಸುಗಳೇ ನಮ್ಮಲ್ಲಿಗೆ ರಿಪೇರಿಗೆ ಬರುತ್ತವೆ. ಕ್ರ್ಯಾಂಕಿನ ನಡುಬಿಂದುವೂ ಇನ್‌ಪುಟ್ ಶಾಫ್ಟಿನ ನಡುಬಿಂದುವೂ ಒಂದೇ ಗೆರೆಯಲ್ಲಿರಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ಬಾಯಿಯ ಸುತ್ತ ತಿರುಗಿಸಿದಾಗ ಮುಳ್ಳಿನ ಒಟ್ಟು ಓಲಾಟ 0.13 ಮಿ.ಮೀ. ಮೀರಬಾರದು. ಬೋಲ್ಟುಗಳು ಬಿಗಿಯುತ್ತವೆ ಅಷ್ಟೆ, ಗೆರೆ ಹಿಡಿಯುವುದು ಡೋವೆಲ್ ಪಿನ್ನುಗಳು (ರಂಧ್ರದಲ್ಲಿ ಬಿಗಿಯಾಗಿ ಕೂರುವ ಗೂಟಗಳು). ಕ್ರ್ಯಾಂಕಿನ ತುದಿಯ ಪೈಲಟ್ ಬುಷ್ ಇನ್‌ಪುಟ್ ಶಾಫ್ಟಿನ ತುದಿಯನ್ನು ಪೂರ್ತಿ ಹಿಡಿದಿದೆಯೇ, ಕ್ಲಚ್ ಪ್ಲೇಟಿನ ಸ್ಪ್ಲೈನ್ (ಒಳಹಲ್ಲು) ಎಣಿಕೆ ಕೂಡುತ್ತದೆಯೇ, ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಮುಟ್ಟುವ ದೂರ ಸರಿಯೇ, ಇವನ್ನೆಲ್ಲ ಎಂಜಿನ್ ಚಾಸಿಸ್‌ಗೆ ಇಳಿಯುವ ಮೊದಲೇ ನೆಲದ ಮೇಲೆ ನೋಡಿಕೊಳ್ಳಬೇಕು. ಡಿಐ ಎಂಜಿನ್ ತನ್ನ ಬಾಕ್ಸಿನೊಡನೆ ಬಂದರೆ ಈ ತಾಪತ್ರಯಗಳಲ್ಲಿ ಬಹುಪಾಲು ಇರುವುದೇ ಇಲ್ಲ.

ಐದು ಗೇರಿನ ಬಾಕ್ಸಿನ ವಿಷಯ. ಐದನೆಯದು ಓವರ್‌ಡ್ರೈವ್ ಆಗಿ (ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವಂತೆ) 0.8ರಷ್ಟಿದ್ದರೆ 75 ಕಿ.ಮೀ. 94 ಆಗುವುದು ನಿಜ. ಆದರೆ ನಿಮ್ಮ ಜೀಪಿನ ಎರಡು ಆಕ್ಸಲ್‌ಗಳ ನಡುವಿನ ಅಂತರವೇ 2032 ಮಿ.ಮೀ.; ಬಾಕ್ಸ್ ಉದ್ದವಾದಷ್ಟೂ ಹಿಂದಿನ ಪ್ರೊಪೆಲರ್ ಶಾಫ್ಟ್ ಗಿಡ್ಡವಾಗಿ, ಅದರ ಜಾಯಿಂಟಿನ ಕೋನ ಕಡಿದಾಗಿ, ಗಾಡಿ ನಡುಗತೊಡಗುತ್ತದೆ. ಉದ್ದ ಚಾಸಿಸ್‌ಗೆ ಒಪ್ಪುವ ಸಲಹೆಯನ್ನು ಗಿಡ್ಡ ಚಾಸಿಸ್‌ಗೆ ತರುವುದು ಬೇಡ.

ಎರೆಹೊಲ, ಲಿಂಗಸುಗೂರು

ಇಬ್ಬರಿಗೂ ಧನ್ಯವಾದಗಳು. ಗಾಲಿ ತಿರುಗಿಸಿ ನೋಡಿದೆ, 5.38 ಇದೆ. ಡಿಐ ಮತ್ತು ನಾಲ್ಕು ಗೇರಿನ ಜೋಡಿಯನ್ನೇ ತರುತ್ತೇನೆ. ಗುಜರಿಯಲ್ಲಿ ಹಣ ಕೊಡುವ ಮುನ್ನ ನೋಡಬೇಕಾದದ್ದು ಇನ್ನೇನಾದರೂ ಇದೆಯೇ? ಆರ್‌ಸಿಯಲ್ಲಿ ತೊಡಕಾಗುವುದೇ?

ಕೊಪ್ಪಳ ಲೇತ್

ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇದ್ದರೆ ಅದರ ಔಟ್‌ಪುಟ್ ಯಾವ ಬದಿಗಿದೆ ನೋಡಿ. ನಿಮ್ಮ ಜೀಪಿನ ಟ್ರಾನ್ಸ್‌ಫರ್ ಕೇಸಾದ ಡಾನಾ 18ರಲ್ಲಿ ಅದು ಚಾಲಕನ ಬದಿಗೆ, ಅಂದರೆ ಬಲಕ್ಕೆ ಇರುತ್ತದೆ, ಆಕ್ಸಲ್‌ಗಳ ಡಿಫರೆನ್ಷಿಯಲ್‌ಗಳೂ (ಕ್ರೌನ್-ಪಿನಿಯನ್ ಕೂರುವ ಭಾಗಗಳು) ಅದೇ ಸಾಲಿನಲ್ಲಿವೆ. ಎಂಜಿನ್ನಿನ ಸಂಪ್ (ತಳದ ಆಯಿಲ್ ತೊಟ್ಟಿ) ಮುಂದಿನ ಆಕ್ಸಲ್‌ಗೆ ತಾಗದೆ ಸ್ಪ್ರಿಂಗ್ ಪೂರ್ತಿ ಕುಗ್ಗುವಷ್ಟು ಜಾಗವಿರಬೇಕು. ಎತ್ತರದ ಚಿಂತೆಯಿಲ್ಲ; ಒಳಬರುವ ವಾಲ್ವುಗಳು ಹೆಡ್ಡಿನಲ್ಲಿದ್ದ ಹರಿಕೇನ್ ಎಂಜಿನ್ನಿಗಾಗಿಯೇ ಈ ಮಾದರಿಯ ಬಾನೆಟ್ಟನ್ನು ಎತ್ತರಿಸಿದ್ದರು. ಡೀಸೆಲ್ ಟ್ಯಾಂಕಿಗೆ ರಿಟರ್ನ್ ಪೈಪ್ ಹಾಕಿಸುವುದನ್ನು ಮರೆಯಬೇಡಿ.

ಕೆಎ-36

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಈ ಬದಲಾವಣೆಗೆ ಅನ್ವಯಿಸುತ್ತದೆ. ಇಂಧನವೇ ಬದಲಾಗುವುದರಿಂದ ಕೆಲಸ ಶುರು ಮಾಡುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯಿರಿ; ಗುಜರಿಯವರಿಂದ ಎಂಜಿನ್ ನಂಬರ್ ನಮೂದಿಸಿದ ರಸೀದಿಯನ್ನೂ ಆ ಎಂಜಿನ್ ಮೊದಲಿದ್ದ ಗಾಡಿಯ ಆರ್‌ಸಿಯ ಪ್ರತಿಯನ್ನೂ ಪಡೆಯದೆ ಹಣ ಕೊಡಬೇಡಿ. ಇನ್ನೊಂದು ವಿಷಯ: 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾದ ಗಾಡಿ ಅದಕ್ಕೆ ಅರ್ಹವಾಗುವುದಿಲ್ಲ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲವಾದ್ದರಿಂದ ನಿಮ್ಮ ಬಳಕೆಗೆ ಅದು ಹೇಗೂ ಒಗ್ಗದು. ಆದರೂ ಹರಿಕೇನ್ ಬ್ಲಾಕನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಬಿರುಕು ನೀರಿನ ಜಾಕೆಟ್ಟಿನಲ್ಲಿದ್ದರೆ ಲೋಹದ ಹೊಲಿಗೆ (ಮೆಟಲ್ ಸ್ಟಿಚಿಂಗ್) ಹಾಕಿಸಿ ಉಳಿಸಿಕೊಳ್ಳಲು ಸಾಧ್ಯವಿದೆ.